192 ಪೌಂಡ್ ಉಳಿತಾಯ ಎಲ್ಲಿದೆ?

ನಮ್ಮ ಹಾಸ್ಟೆಲ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ಬೆಂಗಳೂರಿನಲ್ಲಿ, ಕಾಲು ಭಾಗ ಬ್ರಿಟನ್ನಿನಲ್ಲಿ, ಉಳಿದವರು ಎಲ್ಲಿದ್ದಾರೋ ಅವರಿಗೇ ಗೊತ್ತು. 2025ರ ದೀಪಾವಳಿಗೆ ಕೆಲವು ದಿನ ಮುಂಚೆ ಶೋಭಾ ಹಾಕಿದ ಒಂದು ಸ್ಕ್ರೀನ್‌ಶಾಟ್ ಮೇಲೆ ನಡೆದ ಜಗಳ ಇದು. ಅಡ್ಮಿನ್ ಆದ ತಪ್ಪಿಗೆ ಒಂದೆಡೆ ಸೇರಿಸಿದ್ದೇನೆ. ಎಲ್ಲರ ಹೆಸರು ಬದಲಿಸಿದ್ದೇನೆ. ಕಂಪನಿಯ ಹೆಸರು ಬಿಟ್ಟಿದ್ದೇನೆ. ದರ, ನಿಯಮಗಳೆಲ್ಲ ಆಗಿನವು. ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸಿದ್ದೇನೆ.

ಶೋಭಾ, ಲೆಸ್ಟರ್: ಕರೆಂಟ್-ಗ್ಯಾಸ್ ಕಂಪನಿಯಿಂದ ಇಮೇಲ್ ಬಂದಿದೆ, ಸ್ಕ್ರೀನ್‌ಶಾಟ್ ನೋಡಿ. "ನಿಮ್ಮ ಫಿಕ್ಸೆಡ್ (ಒಂದು ವರ್ಷ ದರ ಬದಲಾಗದ) ಪ್ಲಾನ್ ನವೆಂಬರ್ 30ಕ್ಕೆ ಮುಗಿಯುತ್ತದೆ. ಈಗಲೇ ನವೀಕರಿಸಿ. ತಿಂಗಳಿಗೆ 114 ಪೌಂಡ್ ಬದಲು ಬರೀ 98. ವರ್ಷಕ್ಕೆ 192 ಪೌಂಡ್ ಕಡಿಮೆ! ಈ ಬೆಲೆ ಇನ್ನು 5 ದಿನ ಮಾತ್ರ." ಒತ್ತಿಬಿಡಲಾ?

ರಘು, ರೆಡಿಂಗ್: ಒತ್ತು. ನಾನು ಹೋದ ವಾರ ಇದೇ ಕಂಪನಿ, ಇದೇ ಪ್ಲಾನ್ ತೆಗೆದುಕೊಂಡೆ. ಚೆನ್ನಾಗಿದೆ.

ಪ್ರಭಾ, ಮಿಲ್ಟನ್ ಕೀನ್ಸ್: ಶೋಭಾ, ಒತ್ತಬೇಡ. ಕೆಳಗಿನ ಪುಟಗಳನ್ನೂ ಹಾಕು. ದರ ಎಲ್ಲಿದೆ?

ರಘು: ಶುರುವಾಯಿತು ಆಡಿಟ್. ತಿಂಗಳಿಗೆ 16 ಪೌಂಡ್ ಕಡಿಮೆ ಅಂತ ಬರೆದಿದ್ದಾರೆ. ಇನ್ನೇನು ಬೇಕು?

ಪ್ರಭಾ: 98 ಅನ್ನುವುದು ಬೆಲೆ ಅಲ್ಲ ರಘು. ಅದು ಡೈರೆಕ್ಟ್ ಡೆಬಿಟ್. ಬ್ಯಾಂಕಿನಿಂದ ತಿಂಗಳಿಗೆ ಎಷ್ಟು ಎಳೆಯುತ್ತೇವೆ ಅಂತ ಅವರು ಹೇಳುತ್ತಿದ್ದಾರೆ. ಎಷ್ಟು ಖರ್ಚಾಗುತ್ತದೆ ಅನ್ನುವುದು ಬೇರೆ ಲೆಕ್ಕ. ಶೋಭಾ, ನಿನ್ನ ಖಾತೆಯಲ್ಲಿ ಜಮಾ ಎಷ್ಟಿದೆ?

ಶೋಭಾ: ನೋಡಿದೆ. ಸುಮಾರು 170 ಪೌಂಡ್ ಕ್ರೆಡಿಟ್.

ಡಾ. ಮೋಹನ, ಕಾರ್ಡಿಫ್: ಅಕ್ಟೋಬರ್‌ನಲ್ಲಿ ಜಮಾ ಇರುವುದು ಸಹಜ. ಬೇಸಿಗೆಯಲ್ಲಿ ಸೇರಿದ್ದನ್ನು ಚಳಿಗಾಲ ತಿನ್ನುತ್ತದೆ. ಅದಕ್ಕೇ ಗಾಬರಿ ಬೇಡ.

ಪ್ರಭಾ: ಸರಿ ಡಾಕ್ಟ್ರೇ. ಆದರೆ ಇವಳ ಪ್ಲಾನ್ ಡಿಸೆಂಬರ್‌ನಿಂದ ನವೆಂಬರ್‌ವರೆಗೆ. ಒಂದು ಪೂರ್ತಿ ಚಳಿಗಾಲ ತಿಂದ ಮೇಲೂ ಉಳಿದ ಹಣ ಇದು. ಅಂದರೆ ವರ್ಷವಿಡೀ ಜಾಸ್ತಿ ಕಟ್ಟಿದ್ದಾಳೆ. ಶೋಭಾ, ಯೂನಿಟ್ ಎಷ್ಟು ಖರ್ಚು ಮಾಡುತ್ತೀಯ, ವರ್ಷಕ್ಕೆ?

ಶೋಭಾ: ಕರೆಂಟ್ 1,900. ಗ್ಯಾಸ್ 630 ಅಂತಿದೆ. ಗ್ಯಾಸ್ ಇಷ್ಟು ಕಡಿಮೆಯಾ?

ಪ್ರಭಾ: 630 ಅನ್ನುವುದು ಮೀಟರಿನ ಘನ ಮೀಟರ್. ದರ ಇರುವುದು ಕಿಲೋವಾಟ್ ಅವರ್‌ಗೆ. ಒಂದು ಘನ ಮೀಟರ್ ಅಂದರೆ ಸುಮಾರು 11 ಯೂನಿಟ್. ಬಿಲ್ಲಿನ ಹಿಂದೆ ಆ ಲೆಕ್ಕ ಇರುತ್ತದೆ, ಯಾರೂ ಓದಲ್ಲ. ನಿನ್ನದು ಹತ್ತಿರ ಹತ್ತಿರ 7,000.

ನಾಗರಾಜ, ಬೆಂಗಳೂರು: ಗ್ಯಾಸಿಗೂ ಯೂನಿಟ್ಟಾ? ನಮಗೆ ಸಿಲಿಂಡರ್ ಖಾಲಿಯಾದರೆ ಅದೇ ಲೆಕ್ಕ.

ಶೋಭಾ: ಮೂರನೇ ಪುಟ ಸಿಕ್ಕಿತು. ಹೊಸ ಪ್ಲಾನ್: ಕರೆಂಟ್ ಯೂನಿಟ್‌ಗೆ 24.9 ಪೆನ್ಸ್, ದಿನಕ್ಕೆ ಸ್ಟ್ಯಾಂಡಿಂಗ್ ಚಾರ್ಜ್ (ಬಳಸದಿದ್ದರೂ ಕಟ್ಟುವುದು) 61.5 ಪೆನ್ಸ್. ಗ್ಯಾಸ್ 5.85, ದಿನಕ್ಕೆ 38. ಮಧ್ಯದಲ್ಲಿ ಬಿಟ್ಟರೆ ದಂಡ ಒಂದೊಂದಕ್ಕೂ 75 ಪೌಂಡ್. ಈಗಿನ ಪ್ಲಾನ್: ಕರೆಂಟ್ 23.7, ದಿನಕ್ಕೆ 58. ಗ್ಯಾಸ್ 6.1, ದಿನಕ್ಕೆ 31.

ಪ್ರಭಾ: ಬಾ. ಈ ವರ್ಷ ನಿನಗೆ ನಿಜವಾಗಿ ಆದ ಖರ್ಚು 1,202 ಪೌಂಡ್. ನೀನು ಕಟ್ಟಿದ್ದು 114ರಂತೆ 12 ತಿಂಗಳು, 1,368. ಉಳಿದದ್ದು ಜಮಾ. ಹೊಸ ಪ್ಲಾನಿನಲ್ಲಿ ಅಷ್ಟೇ ಯೂನಿಟ್‌ಗೆ 1,246. ಆದರೆ ಅವರು ಎಳೆಯುವುದು 98ರಂತೆ 1,176. ಕೊರತೆ ಬೀಳುವ 70 ಪೌಂಡನ್ನು ನಿನ್ನ ಜಮಾದಿಂದಲೇ ತೆಗೆದುಕೊಳ್ಳುತ್ತಾರೆ. ಅಂದರೆ ಖರ್ಚು 44 ಪೌಂಡ್ ಜಾಸ್ತಿಯಾಗಿದೆ. ಇಮೇಲ್ ಹೇಳುತ್ತಿರುವುದು 192 ಕಡಿಮೆ ಅಂತ.

ಶೋಭಾ: ಏನು? ಜಾಸ್ತಿಯಾ?

ನಾಗರಾಜ: ನಿನ್ನ ದುಡ್ಡನ್ನೇ ನಿನಗೆ ಕೊಟ್ಟು ಉಡುಗೊರೆ ಅಂತ ಬರೆದಿದ್ದಾರೆ 😂

ರಘು: ಸುಳ್ಳೇನೂ ಬರೆದಿಲ್ಲ. "ಕಡಿಮೆ" ಅಂದಿದ್ದಾರೆ. ತಿಂಗಳಿಗೆ ಕಟ್ಟುವುದು ಕಡಿಮೆ ತಾನೇ. ಸುಮ್ನೆ ಮೋಸ ಅನ್ನಬೇಡಿ.

ಡಾ. ಮೋಹನ: ಸುಳ್ಳು ಬರೆಯದಿದ್ದರೆ ಸಾಲದು. ಮಾಹಿತಿ ದಾರಿ ತಪ್ಪಿಸುವಂತೆ ಇರಬಾರದು ಅಂತಲೇ ಆಫ್‌ಜೆಮ್ (ಇಲ್ಲಿನ ಕರೆಂಟ್-ಗ್ಯಾಸ್ ನಿಯಂತ್ರಕ ಸಂಸ್ಥೆ) ಲೈಸೆನ್ಸ್ ನಿಯಮ ಇದೆ. ಇಲ್ಲಿ ಇದು ಹಳೇ ರೋಗ. ಹತ್ತು ವರ್ಷದ ಹಿಂದೆ ಇನ್ನೊಂದು ಜಾಣತನ ಇತ್ತು. ನಿಮ್ಮ ಪ್ಲಾನ್ ಎರಡು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಳ್ಳಿ. "ಈಗಿನ ವರ್ಷದ ಖರ್ಚು" ಅಂತ ತೋರಿಸುವಾಗ ಎರಡು ತಿಂಗಳು ನಿಮ್ಮ ದರ, ಉಳಿದ ಹತ್ತು ತಿಂಗಳು ಫಿಕ್ಸ್ ಮಾಡದವರ ದುಬಾರಿ ಸ್ಟ್ಯಾಂಡರ್ಡ್ ವೇರಿಯಬಲ್ ದರ ಹಾಕುತ್ತಿದ್ದರು. ಅದರ ಪಕ್ಕದಲ್ಲಿ ಯಾವ ಪ್ಲಾನ್ ಇಟ್ಟರೂ ಭಾರೀ ಉಳಿತಾಯ ಕಾಣುತ್ತಿತ್ತು. ಅದು ಕಂಪನಿಗಳ ಕಳ್ಳ ಲೆಕ್ಕವೂ ಅಲ್ಲ, ನಿಯಮದಲ್ಲೇ ಇದ್ದ ವಿಧಾನ!

ರಘು: ಈಗ ಆಫ್‌ಜೆಮ್ ಹಾಕಿದ ಪ್ರೈಸ್ ಕ್ಯಾಪ್ (ಬೆಲೆ ಮಿತಿ) ಇದೆಯಲ್ಲ. ವರ್ಷದ ಬಿಲ್ 1,755 ಪೌಂಡ್ ದಾಟುವ ಹಾಗೇ ಇಲ್ಲ.

ಪ್ರಭಾ: ಅಯ್ಯೋ ರಘು. ನಿನ್ನ ಬಿಲ್ಲಿಗೆ ಮಿತಿ ಯಾರೂ ಹಾಕಿಲ್ಲ. ಕ್ಯಾಪ್ ಇರುವುದು ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜ್‌ಗೆ, ಅದೂ ಫಿಕ್ಸ್ ಮಾಡದವರ ಡೀಫಾಲ್ಟ್ ಪ್ಲಾನಿಗೆ. 1,755 ಅನ್ನುವುದು ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್ ಸುಡುವ ಒಂದು ಕಾಲ್ಪನಿಕ ಮನೆಯ ಲೆಕ್ಕ. ಪತ್ರಿಕೆಗೆ ಹೆಡ್‌ಲೈನ್ ಬೇಕಲ್ಲ, ಅದಕ್ಕೆ. ಜಾಸ್ತಿ ಸುಟ್ಟರೆ ಜಾಸ್ತಿ ಬಿಲ್.

ಡಾ. ಮೋಹನ: ನನ್ನ ಜೊತೆ ಕೆಲಸ ಮಾಡುವ ಡಾಕ್ಟರುಗಳೂ ಹೀಗೇ ತಿಳಿದಿದ್ದಾರೆ. ಕ್ಯಾಪ್ ಯಾಕೆ ಬಂತು ಗೊತ್ತಾ? 2016ರಲ್ಲಿ ಸ್ಪರ್ಧಾ ಪ್ರಾಧಿಕಾರದ ತನಿಖೆ ಮುಗಿಯಿತು. ಆರು ದೊಡ್ಡ ಕಂಪನಿಗಳ ಗ್ರಾಹಕರಲ್ಲಿ ಸುಮಾರು 70% ಜನ ಡೀಫಾಲ್ಟ್ ಪ್ಲಾನಿನಲ್ಲೇ ಕೂತಿದ್ದಾರೆ, ಮನೆಗಳು ವರ್ಷಕ್ಕೆ 140 ಕೋಟಿ ಪೌಂಡ್ ಜಾಸ್ತಿ ಕಟ್ಟುತ್ತಿವೆ ಅಂತ ಅದು ಹೇಳಿತು. 2019ರ ಜನವರಿಯಿಂದ ಕ್ಯಾಪ್ ಬಂತು. ಮೊದಲು ಆರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು, 2022ರ ಅಕ್ಟೋಬರ್‌ನಿಂದ ಮೂರು ತಿಂಗಳಿಗೊಮ್ಮೆ.

ಶೋಭಾ: ಹಾಗಾದರೆ ಏನೂ ಮಾಡದೆ ಡೀಫಾಲ್ಟ್‌ಗೆ ಬಿದ್ದರೆ?

ಪ್ರಭಾ: ಈಗಿನ ಕ್ಯಾಪ್ ಸರಾಸರಿ: ಕರೆಂಟ್ 26.35, ದಿನಕ್ಕೆ 53.68. ಗ್ಯಾಸ್ 6.29, ದಿನಕ್ಕೆ 34.03. ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ, ಸ್ಟ್ಯಾಂಡಿಂಗ್ ಚಾರ್ಜ್ ಮುಖ್ಯವಾಗಿ. ನಿನ್ನ ಯೂನಿಟ್‌ಗೆ 1,261. ಅಂದರೆ ಆ ಹೊಸ ಪ್ಲಾನಿನಿಂದ ನಿನಗೆ ನಿಜವಾಗಿ ಸಿಗುವ ಉಳಿತಾಯ ವರ್ಷಕ್ಕೆ 15 ಪೌಂಡ್. ಅದಕ್ಕೆ 150 ಪೌಂಡ್ ದಂಡದ ಬೀಗ. ಜನವರಿಗೆ ಕ್ಯಾಪ್ ಏರಬಹುದು, ಇಳಿಯಬಹುದು. ಅದನ್ನು ಊಹಿಸುವ ಆಟಕ್ಕೆ ನಾನು ಬರಲ್ಲ.

ನಾಗರಾಜ: ನಮ್ಮಲ್ಲೂ ಇದೇ ಕತೆ ಕಣ್ರೀ. 2025ರ ಏಪ್ರಿಲ್‌ನಿಂದ ಕೆಇಆರ್‌ಸಿ ಮನೆ ಕರೆಂಟಿಗೆ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಸಿತು. ಇಳಿಯಿತು ಅಂತ ಖುಷಿ ಪಟ್ಟರೆ, ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145 ರೂಪಾಯಿ. ಮೇಲೆ ಪಿಂಚಣಿ ನಿಧಿಗೆ ಅಂತ ಯೂನಿಟ್‌ಗೆ 36 ಪೈಸೆ. ಗೃಹಜ್ಯೋತಿ ಇರುವವರಿಗೆ ಗೊತ್ತೇ ಆಗಲಿಲ್ಲ. ನನ್ನದು 200 ದಾಟುತ್ತದೆ, ಪೂರ್ತಿ ಬಿಲ್ ನನ್ನ ತಲೆಗೆ. ಹೋಲಿಸೋಣ ಅಂದರೆ ಬೆಸ್ಕಾಂ ಬಿಟ್ಟು ಇನ್ನೊಬ್ಬರಿಲ್ಲ.

ಪ್ರಭಾ: ನೀನು ಹೇಳಿದ ಆ ನಿಗದಿತ ಶುಲ್ಕವೇ ಇಲ್ಲೂ ಆಟ ಆಡುತ್ತದೆ. ಇಮೇಲಿನಲ್ಲಿ 24.9 ನೋಡಿ ಕ್ಯಾಪಿಗಿಂತ ಕಡಿಮೆ ಅನ್ನಿಸುತ್ತದೆ. ಸ್ಟ್ಯಾಂಡಿಂಗ್ ಚಾರ್ಜ್ ಎರಡೂ ಸೇರಿ ದಿನಕ್ಕೆ 99.5 ಪೆನ್ಸ್. ಹೀಟರ್ ಹಾಕದೆ, ದೀಪ ಹಚ್ಚದೆ, ಊರಿಗೆ ಹೋಗಿ ಕೂತರೂ ವರ್ಷಕ್ಕೆ 363 ಪೌಂಡ್.

ರಘು: ಸರಿ, ದೊಡ್ಡ ಲೆಕ್ಕ ಹೇಳಿದೆ. ಇನ್ನೊಂದು ಒಳ್ಳೆಯದು ತೋರಿಸು ನೋಡೋಣ.

ಪ್ರಭಾ: ಅವಳ ಪೋಸ್ಟ್‌ಕೋಡ್ ಹಾಕಿ ಹುಡುಕಿದೆ. ಹೋಲಿಕೆ ಸೈಟುಗಳಲ್ಲಿ ಒಂದು ವಿಷಯ: ಕೆಲವು ಸೈಟು ಮೊದಲು ತೋರಿಸುವುದು ತಮ್ಮ ಮೂಲಕವೇ ಬದಲಾಯಿಸಬಹುದಾದ ಪ್ಲಾನುಗಳನ್ನು ಮಾತ್ರ. ಅಂದರೆ ಕಮಿಷನ್ ಬರುವವು. "ಎಲ್ಲವನ್ನೂ ತೋರಿಸು" ಅಂತ ಒಂದು ಟಿಕ್ ಮೂಲೆಯಲ್ಲಿರುತ್ತದೆ. ಅದು ಒತ್ತಿದ ಮೇಲೆ ಒಂದು ಸಿಕ್ಕಿತು. ಕರೆಂಟ್ 26.9, ದಿನಕ್ಕೆ 38. ಗ್ಯಾಸ್ 6.2, ದಿನಕ್ಕೆ 24. ದಂಡ ಒಂದಕ್ಕೆ 25. ಒಂದು ವರ್ಷ ಫಿಕ್ಸ್.

ರಘು: 26.9! ಕ್ಯಾಪಿಗಿಂತ ಜಾಸ್ತಿ ದರ. ಇದನ್ನು ಒಳ್ಳೆಯದು ಅಂತೀಯಾ?

ಪ್ರಭಾ: ಶೋಭಾಗೆ 1,171 ಪೌಂಡ್. ನಿನ್ನ ಪ್ಲಾನಿಗಿಂತ 74 ಕಡಿಮೆ, ಕ್ಯಾಪಿಗಿಂತ 90 ಕಡಿಮೆ.

ರಘು: ನನ್ನ ಲೆಕ್ಕ ಹಾಕು. ಕರೆಂಟ್ 4,300, ಗ್ಯಾಸ್ 18,000.

ನಾಗರಾಜ: 18,000? ಮನೆಯಲ್ಲಿ ಅವರೆಕಾಯಿ ಬೇಯಿಸುತ್ತೀಯಾ ಇಲ್ಲ ಕಾರ್ಖಾನೆ ನಡೆಸುತ್ತೀಯಾ?

ರಘು: ಮಾವ ಅತ್ತೆ ಬಂದಿದ್ದರು. ಹೀಟಿಂಗ್ ಆರಿಸುವ ಹಾಗಿರಲಿಲ್ಲ. ನಾಲ್ಕು ಬೆಡ್‌ರೂಮ್ ಮನೆ.

ಪ್ರಭಾ: ನೀನು ತೆಗೆದುಕೊಂಡ ಪ್ಲಾನಿಗೆ 2,487. ನಾನು ಹೇಳಿದ್ದಕ್ಕೆ 2,499. ನಿನಗೆ ನಿನ್ನದೇ 12 ಪೌಂಡ್ ಲಾಭ. ನೀನು ಮಾಡಿದ್ದು ಸರಿ. ಅವಳಿಗೆ ಅದೇ ಸಲಹೆ ಕೊಟ್ಟದ್ದು ತಪ್ಪು.

ರಘು: ಹಾ! ಸರಿ ಅಂತ ಒಪ್ಪಿದಳು. ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಶೋಭಾ: ಒಂದೇ ಪ್ಲಾನ್ ಅವನಿಗೆ ಅಗ್ಗ, ನನಗೆ ದುಬಾರಿ. ಹೇಗೆ?

ಪ್ರಭಾ: ಎರಡು ಪ್ಲಾನಿಗೂ ಸ್ಟ್ಯಾಂಡಿಂಗ್ ಚಾರ್ಜಿನಲ್ಲಿ ವರ್ಷಕ್ಕೆ 137 ಪೌಂಡ್ ವ್ಯತ್ಯಾಸ. ಅದು ಮನೆ ದೊಡ್ಡದಾದರೂ ಚಿಕ್ಕದಾದರೂ ಅಷ್ಟೇ. ಯೂನಿಟ್ ದರದ ವ್ಯತ್ಯಾಸ ನಿನಗೆ ಬರೀ 62 ಪೌಂಡ್ ಆಗುತ್ತದೆ. ಅವನು ಸುಡುವ ರಾಶಿಗೆ 149 ಆಗುತ್ತದೆ. ಇದಕ್ಕೇ ನಾನು ಮೊದಲು ಯೂನಿಟ್ ಕೇಳಿದ್ದು. ಹೋಲಿಕೆ ಸೈಟಿನಲ್ಲಿ "ಎಷ್ಟು ಮಲಗುವ ಕೋಣೆ" ಅಂತ ಕೇಳುತ್ತಾರಲ್ಲ, ಅದಕ್ಕೆ ಉತ್ತರ ಕೊಡಲೇಬೇಡಿ. ಹಿಂದಿನ 12 ತಿಂಗಳ ಯೂನಿಟ್ ಬಿಲ್ಲಿನಲ್ಲೇ ಇರುತ್ತದೆ, ಅದನ್ನೇ ಹಾಕಿ. ದರಕ್ಕೆ 5% ವ್ಯಾಟ್ ಸೇರಿದೆಯಾ ಅಂತಲೂ ನೋಡಿ. ಒಂದು ಕಡೆ ಸೇರಿಸಿ, ಇನ್ನೊಂದು ಕಡೆ ಬಿಟ್ಟು ಹೋಲಿಸಿದರೆ ಲೆಕ್ಕ ಹಾಳು.

ರಘು: ಆದರೆ ಹೆಸರು ಕೇಳದ ಕಂಪನಿ ಅಲ್ವಾ ಅದು? 2021ರಲ್ಲಿ ಸಾಲಾಗಿ ಮುಳುಗಿದವು, ನೆನಪಿದೆಯಾ? ಬಲ್ಬ್ ಅನ್ನುವ ಕಂಪನಿ ಕೂಡ ಹೋಯಿತು.

ಡಾ. ಮೋಹನ: ಈ ಮಾತು ಸರಿ, ಭಯ ಅರ್ಧ ಸರಿ. ಕಂಪನಿ ಮುಳುಗಿದರೆ ಕರೆಂಟ್ ನಿಲ್ಲಲ್ಲ. ಆಫ್‌ಜೆಮ್ ನಿಮ್ಮನ್ನು ಬೇರೆ ಕಂಪನಿಗೆ ಸೇರಿಸುತ್ತದೆ, ಮನೆ ಗ್ರಾಹಕರ ಜಮಾ ಹಣಕ್ಕೂ ರಕ್ಷಣೆ ಇದೆ. ಹೋಗುವುದು ನೀವು ಫಿಕ್ಸ್ ಮಾಡಿದ ದರ. ಆಗ ಅಗ್ಗದ ಫಿಕ್ಸ್ ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಇದ್ದರು. 74 ಪೌಂಡಿಗೆ ಆ ಅಪಾಯ ಒಪ್ಪಿಗೆಯೇ ಅನ್ನುವುದು ಶೋಭಾಗೆ ಬಿಟ್ಟದ್ದು.

ಶೋಭಾ: ಒಪ್ಪಿಗೆ. ಆದರೆ 5 ದಿನ ಅಂತ ಹೆದರಿಸಿದ್ದಾರಲ್ಲ, ಈಗಲೇ ಬಿಟ್ಟರೆ ಹಳೇ ಪ್ಲಾನಿಗೆ ದಂಡ ಇಲ್ವಾ?

ಪ್ರಭಾ: ಇಲ್ಲ. ಫಿಕ್ಸ್ ಮುಗಿಯುವ ಕೊನೆಯ 49 ದಿನಗಳಲ್ಲಿ ಯಾವ ಕಂಪನಿಯೂ ದಂಡ ಹಾಕುವ ಹಾಗಿಲ್ಲ. ನೀನು ಆಗಲೇ ಅದರೊಳಗಿದ್ದೀಯ. 5 ದಿನ ಅನ್ನುವುದು ಅವರ ಗಡಿಬಿಡಿ, ನಿನ್ನದಲ್ಲ. ಆದರೂ ಇವತ್ತೇ ಹಾರಬೇಡ. ಈಗ ಬದಲಾವಣೆ ಐದು ಕೆಲಸದ ದಿನದಲ್ಲಿ ಆಗಿಬಿಡುತ್ತದೆ. ನಿನ್ನ ಹಳೇ ಯೂನಿಟ್ ದರ ಅಗ್ಗ, ಸ್ಟ್ಯಾಂಡಿಂಗ್ ಚಾರ್ಜ್ ಜಾಸ್ತಿ. ಒಂದು ತಿಂಗಳಿಗೆ ಹೆಚ್ಚುಕಮ್ಮಿ ಸಮ, ಗಡಿಬಿಡಿ ಬೇಕಿಲ್ಲ. ಕೆಲವು ಕಂಪನಿಗಳು ಶುರುವಾಗುವ ದಿನ ಕೇಳುತ್ತವೆ. ನವೆಂಬರ್ ಕೊನೆ ಕೊಡು.

ಡಾ. ಮೋಹನ: ಆ ಇಮೇಲ್ ಬಗ್ಗೆ ದೂರನ್ನೂ ಕಂಪನಿಗೆ ಬರೆದು ಕೊಡು. ಎಂಟು ವಾರದಲ್ಲಿ ಸರಿಹೋಗದಿದ್ದರೆ ಎನರ್ಜಿ ಓಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ.

ರಘು: 15 ಪೌಂಡಿನ ಜಗಳಕ್ಕೆ ಓಂಬುಡ್ಸ್‌ಮನ್!

ಡಾ. ಮೋಹನ: ಇಂಥ ಇಮೇಲ್ ಒಬ್ಬಳಿಗೇ ಹೋಗಲ್ಲ ರಘು.

ಶೋಭಾ: ಅರ್ಜಿ ಹಾಕಿದೆ. ನವೆಂಬರ್ 28ಕ್ಕೆ ಶುರು. ಮನಸ್ಸು ತಿರುಗಿದರೆ ಅಂತ, ಒಪ್ಪಂದ ಮಾಡಿಕೊಂಡ ಮೇಲೆ ಸಿಗುವ 14 ದಿನದ ಅವಕಾಶದ ಬಗ್ಗೆಯೂ ಓದಿಕೊಂಡೆ. ಕೊನೆಯ ಬಿಲ್ ಆದ ಮೇಲೆ ಜಮಾ ಹಣ ವಾಪಸ್ ಕೊಡಿ ಅಂತ ಹಳೇ ಕಂಪನಿಗೆ ಬರೆದಿದ್ದೇನೆ.

ಪ್ರಭಾ: ಬದಲಾಗುವ ದಿನ ಎರಡೂ ಮೀಟರಿನ ಫೋಟೋ ತೆಗೆದಿಡು. ಅಂದಾಜಿನ ರೀಡಿಂಗ್ ಹಾಕಿದರೆ ತೋರಿಸಲು ಬೇಕು.

ರಘು: ಪ್ರಭಾ, ನೀನು ಲೆಕ್ಕ ಹಾಕಿದ ಎಕ್ಸೆಲ್ ಶೀಟ್ ಇಲ್ಲೇ ಹಾಕು. ಸ್ಲೌದಲ್ಲಿರುವ ನನ್ನ ಭಾವಮೈದನಿಗೂ ಇದೇ ಪ್ಲಾನ್ ಮಾಡಿಸಿದ್ದೇನೆ.

ಪ್ರಭಾ: ಅವನ ಯೂನಿಟ್ ಎಷ್ಟು?

ರಘು: ಕೇಳಿ ಹೇಳುತ್ತೇನೆ.