ತೋಟದ ದಾರಿಗೆ ಈಗಿನ ಪಿಕಪ್ ದೊಡ್ಡದಾಯಿತೇ?

ತೋಟಿಗ, ಶಿರಸಿ:
ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿ 2005ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಅಪ್ಪ ಒಂದನ್ನು ಕೊಂಡರು. ಉದ್ದ 3.8 ಮೀಟರ್, ಅಗಲ ಒಂದೂವರೆ, ಹೊರುವುದು ಮುಕ್ಕಾಲು ಟನ್. ಈಗ ಅದಕ್ಕೆ ವಯಸ್ಸಾಗಿದೆ.

ನಮ್ಮ ಉಣುಗೋಲು ದಾಟಿ ತೋಟಕ್ಕೆ ಇಳಿಯುವ ದಾರಿಗೆ ಒಂದು ಬದಿ ಧರೆ, ಅಂದರೆ ಕಡಿದ ಮಣ್ಣಿನ ದಿಬ್ಬ; ಇನ್ನೊಂದು ಬದಿ ಅಗಳ, ಅಂದರೆ ಕಂದಕ. ನಡುವೆ ಚಿರೇಕಲ್ಲಿನ ಗೋಡೆಯ ಬಳಿ ಮಡಿಸಿದ ಮೊಣಕೈಯಂಥ ತಿರುವು. ಏಸ್ ಅಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ. ಕೊನೆ (ಅಡಿಕೆ ಗೊನೆ) ಕೊಯ್ಲಿನ ದಿನ ಅಡಿಕೆಯನ್ನು ತೋಟದ ಅಂಚಿನಲ್ಲೇ ತುಂಬುತ್ತೇವೆ. ಬೇಸಿಗೆಯಲ್ಲಿ ಬೆಟ್ಟದಿಂದ ದರಕು (ಒಣ ಎಲೆ) ತರುವುದೂ ಅದರಲ್ಲೇ.

ಹೊಸದನ್ನು ನೋಡಲು ಹೋದಲ್ಲೆಲ್ಲ ದೊಡ್ಡದನ್ನೇ ತೋರಿಸಿದರು. ಕಳೆದ ವಾರ ಪರೀಕ್ಷೆಗೆಂದು ತಂದ ಪಿಕಪ್ ಆ ತಿರುವಿನಲ್ಲಿ ಮೂರು ಸಲ ಹಿಂದೆ ಮುಂದೆ ಆಡಿತು. ಹಿಂದಿನ ಚಕ್ರಕ್ಕೆ ಅಗಳದ ಅಂಚು ಕುಸಿಯಿತು. ಬಾಡಿಯ ತಳವೂ ಏಸ್‌ಗಿಂತ ಒಂದು ಗೇಣು ಎತ್ತರ. ಆಳು ಸಿಗದ ದಿನ ಐವತ್ತು ಕಿಲೋ ಗೊಬ್ಬರದ ಚೀಲವನ್ನು ನಾನೂ ನನ್ನ ಹೆಂಡತಿಯೂ ಎತ್ತಬೇಕು. ಪ್ರತಿ ಚೀಲಕ್ಕೂ ಆ ಗೇಣು ಎತ್ತರ ಸೊಂಟಕ್ಕೆ ತಿಳಿಯುತ್ತದೆ. ಇಷ್ಟು ದೊಡ್ಡದು ನಿಜವಾಗಿ ಯಾರಿಗೆ ಬೇಕಾಗಿತ್ತು?

ಮೀನು ಸಾಗಣೆ, ಕಾರವಾರ:
ನನಗೆ ಬೇಕಾಗಿತ್ತು. ಬೈತಖೋಲ ಬಂದರಿನಲ್ಲಿ ಬಂಗಡೆ ತುಂಬಿ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವವನು ನಾನು. ಮೀನಿನ ಜೊತೆ ಮಂಜುಗಡ್ಡೆಯ ಭಾರವನ್ನೂ ಹೊರಬೇಕು. ಮುಕ್ಕಾಲು ಟನ್ನಿನ ಗಾಡಿಯಲ್ಲಿ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. 2023ರಲ್ಲಿ ಬಂದ ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್‌ನ ದೊಡ್ಡ ಮಾದರಿ ಎರಡು ಟನ್ ಹೊರುತ್ತದೆ, ಬಾಡಿ ಹತ್ತು ಅಡಿ. ಎರಡು ಸಲ ಘಟ್ಟ ಹತ್ತುವುದು ಒಂದಕ್ಕೆ ಇಳಿಯಿತು.

ಗ್ಯಾರೇಜು, ಭಟ್ಕಳ:
ದುಬೈಯಲ್ಲಿ ಹನ್ನೊಂದು ವರ್ಷ ಟೊಯೋಟಾದ ಹೈಲಕ್ಸ್ ಪಿಕಪ್ ರಿಪೇರಿ ಮಾಡಿದ್ದೇನೆ. ತೋಟಿಗರೇ, ನೀವಿಬ್ಬರೂ ಹೇಳುತ್ತಿರುವುದು ಎರಡು ಬೇರೆ ಬೆಳವಣಿಗೆ. ಕಾರವಾರದವರ ಗಾಡಿ ಬೆಳೆದದ್ದು ಹಿಂದಕ್ಕೆ, ಹೊರೆಗಾಗಿ. ಇನ್ನೊಂದು ಬಗೆ ಬೆಳೆದದ್ದು ಕೂರುವವರಿಗಾಗಿ. ಹೈಲಕ್ಸ್ 1968ರಲ್ಲಿ ಹುಟ್ಟಿದಾಗ ಸುಮಾರು 4.2 ಮೀಟರ್ ಇತ್ತು. 2022ರಲ್ಲಿ ನಮ್ಮ ದೇಶಕ್ಕೆ ಬಂದದ್ದು 5.3 ಮೀಟರ್. ಬೆಳೆದ ಜಾಗವನ್ನು ಎರಡು ಸಾಲಿನ ಸೀಟು ತಿಂದಿತು, ಸರಕಿನ ಬಾಡಿಯ ಪಾಲಿಗೆ ಉಳಿದದ್ದು ಒಂದೂವರೆ ಮೀಟರ್. ನಿಮ್ಮ ಏಸ್‌ನ ಬಾಡಿ ಅದಕ್ಕಿಂತ ಉದ್ದ!

ಅಪಘಾತದಲ್ಲಿ ಜೀವ ಉಳಿಸುವ ಏರ್‌ಬ್ಯಾಗ್, ಮುಂಭಾಗದ ಗಟ್ಟಿ ಚೌಕಟ್ಟು ಇವಕ್ಕೂ ಜಾಗ ಬೇಕು, ಅದನ್ನು ನಾನು ದೂರುವುದಿಲ್ಲ. ಅಮೆರಿಕದಲ್ಲಂತೂ ಕಾನೂನೇ ದೊಡ್ಡದರ ಪಕ್ಷ ಹಿಡಿಯಿತು: 1964ರಿಂದ ಹೊರದೇಶದ ಟ್ರಕ್ಕುಗಳಿಗೆ ಶೇ. 25 ಸುಂಕ; ಮುಂದೆ ಇಂಧನ ನಿಯಮದಲ್ಲಿ ನಾಲ್ಕು ಚಕ್ರಗಳ ನಡುವಿನ ಜಾಗ ಹೆಚ್ಚಿದಷ್ಟೂ ಮೈಲೇಜಿನ ಗುರಿ ಸಡಿಲ. ಸಣ್ಣದನ್ನು ಯಾರು ಮಾಡುತ್ತಾರೆ?

ನೀವು 2025ರಲ್ಲಿ ಬಂದ ಏಸ್ ಪ್ರೋ ನೋಡಿ. ಹೊರುವುದು ಅದೇ ಮುಕ್ಕಾಲು ಟನ್.

ತೋಟಿಗ, ಶಿರಸಿ:
ಉಪಕಾರವಾಯಿತು. ಮೀನಿನವರ ಮಾತು ನನಗೆ ಹೊಳೆದಿರಲಿಲ್ಲ. ಘಟ್ಟ ಹತ್ತುವವರಿಗೆ ಅಷ್ಟು ದೊಡ್ಡದು ಬೇಕು, ಒಪ್ಪಿದೆ. ಏಸ್ ಪ್ರೋ ಬಗ್ಗೆ ನನಗಿರುವುದು ಒಂದೇ ಅಳುಕು: ಪೆಟ್ರೋಲ್ ಎಂಜಿನ್ನು ಹಸಿ ಅಡಿಕೆ ತುಂಬಿಕೊಂಡು ನಮ್ಮ ತೋಟದ ಏರು ಹತ್ತೀತೇ? ಸಿದ್ದಾಪುರ, ಯಲ್ಲಾಪುರದ ಕಡೆ ಯಾರ ಬಳಿಯಾದರೂ ಇದ್ದರೆ ತಿಳಿಸಿ. ಚೀಲ ನಾನೇ ತರುತ್ತೇನೆ, ನಿಮ್ಮ ಏರಿನಲ್ಲೇ ಹತ್ತಿಸಿ ನೋಡೋಣ.