ಪದವಿಯ ನಂತರದ ಒಂದು ವರ್ಷವನ್ನು ಕ್ರೈಸ್ತ ಸಹಜೀವನಕ್ಕೆ ಕೊಡಬಹುದೇ?

ಪ್ರಶ್ನೆ — ಹುಬ್ಬಳ್ಳಿಯ ಪದವೀಧರೆ

ಎಲ್ಲ ಹಿರಿಯರಿಗೂ ಸ್ನೇಹಿತರಿಗೂ ಕರ್ತನಲ್ಲಿ ವಂದನೆಗಳು. ನಮ್ಮದು ಬಾಸೆಲ್ ಮಿಷನ್ ಕಾಲದಿಂದಲೂ ಸಭೆಯಲ್ಲಿರುವ ಕುಟುಂಬ. ನಮ್ಮಜ್ಜಿ ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ತಂದೆಯವರು ರೈಲ್ವೆಯಿಂದ ನಿವೃತ್ತರಾಗಿದ್ದಾರೆ. ನಾನು ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಒಂದು ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದ್ದು, ಆಗಸ್ಟ್‌ನಲ್ಲಿ ಸೇರಬೇಕಾಗಿದೆ.

ಆದರೆ ಕಳೆದ ಎರಡು ವರ್ಷಗಳಿಂದ ಒಂದು ಆಸೆ ಮನಸ್ಸಿನಲ್ಲಿ ನೆಲೆನಿಂತಿದೆ. ಕೆಲಸಕ್ಕೆ ಸೇರುವ ಮೊದಲು ಒಂದು ವರ್ಷ, ಪ್ರಾರ್ಥನೆಯನ್ನೂ ದುಡಿಮೆಯನ್ನೂ ಊಟವನ್ನೂ ಹಂಚಿಕೊಂಡು ಬಾಳುವ ಒಂದು ಕ್ರೈಸ್ತ ಮನೆಯಲ್ಲಿ ಇರಬೇಕು, ಅಲ್ಲಿ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರಬೇಕು ಎಂಬುದೇ ಆ ಆಸೆ. ಬೌದ್ಧಿಕ ಅಂಗವೈಕಲ್ಯವಿರುವವರೊಂದಿಗೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯಗಳ ಬಗ್ಗೆ ಓದಿದ್ದೇನೆ. ಅವುಗಳ ಭಾರತದ ಮೊದಲ ಮನೆಯಾದ ಆಶಾ ನಿಕೇತನ 1970ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತೆಂದು ತಿಳಿದಾಗ ಬಹಳ ಸಂತೋಷವಾಯಿತು. ಫ್ರಾನ್ಸಿನ ತೈಜೆ ಎಂಬ ಪ್ರಾರ್ಥನಾ ಸಮುದಾಯ, ಕೇರಳ ಮತ್ತು ತಮಿಳುನಾಡಿನ ಕ್ರೈಸ್ತ ಆಶ್ರಮಗಳು ಇವೂ ಮನಸ್ಸಿನಲ್ಲಿವೆ.

ತಂದೆಯವರು ಒಪ್ಪುತ್ತಿಲ್ಲ. "ಸೇವೆ ಮಾಡಬೇಕೆಂದಿದ್ದರೆ ಸಂಡೇ ಸ್ಕೂಲಿನಲ್ಲಿ ಕಲಿಸು, ಕೈಗೆ ಬಂದ ಕೆಲಸವನ್ನು ಯಾರಾದರೂ ಬಿಡುತ್ತಾರೆಯೇ" ಎನ್ನುತ್ತಾರೆ. ಶಿಕ್ಷಣ ಸಾಲವೂ ಸ್ವಲ್ಪ ಉಳಿದಿದೆ. ತಾಯಿಯವರು ಏನೂ ಹೇಳುವುದಿಲ್ಲ, ಮತ್ತು ಅದೇ ನನಗೆ ಹೆಚ್ಚು ಕಷ್ಟ. ಈ ಆಸೆ ದೇವರ ಕರೆಯೋ ಅಥವಾ ಕೆಲಸದ ಬದುಕಿನ ಅಂಜಿಕೆಯೋ ಎಂಬುದನ್ನು ಹೇಗೆ ತಿಳಿಯಲಿ? ಹೋಗುವುದಾದರೆ ಸ್ಥಳವನ್ನು ಯಾವ ಆಧಾರದ ಮೇಲೆ ಆರಿಸಿಕೊಳ್ಳಲಿ? ಲಾರ್ಶ್‌ನ ಸ್ಥಾಪಕರ ಬಗ್ಗೆ ಹೊರಬಂದ ವರದಿಯನ್ನು ಓದಿ ಗಾಬರಿಗೊಂಡಿದ್ದೇನೆ. ಅದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 — ಶಿವಮೊಗ್ಗದ ಇಂಜಿನಿಯರ್

ಸಹೋದರಿ, ಹನ್ನೊಂದು ವರ್ಷಗಳ ಹಿಂದೆ ನಾನು ಇಂಥದೇ ಒಂದು ಮನೆಯಲ್ಲಿ ಹದಿಮೂರು ತಿಂಗಳು ಇದ್ದೆ. ಆ ಮನೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅಲ್ಲಿಯ ಒಳ್ಳೆಯದರ ಜೊತೆಗೆ ಕೊರತೆಯನ್ನೂ ಹೇಳಬೇಕಾಗಿದೆ. ಬೌದ್ಧಿಕ ಅಂಗವೈಕಲ್ಯವಿದ್ದ ಒಂಬತ್ತು ಮಂದಿ, ಸಹಾಯಕರಾಗಿ ನಾವು ನಾಲ್ವರು, ಇಪ್ಪತ್ತು ವರ್ಷಗಳಿಂದ ಅಲ್ಲೇ ಇದ್ದ ಒಬ್ಬ ಹಿರಿಯಕ್ಕ, ಇಷ್ಟು ಜನ ಒಂದು ಹಳೆಯ ಮನೆಯಲ್ಲಿ ಇದ್ದೆವು. ಒಂಬತ್ತರಲ್ಲಿ ಐವರು ಹಿಂದೂಗಳು, ಒಬ್ಬರು ಮುಸ್ಲಿಮರು. ಸಂಜೆಯ ಪ್ರಾರ್ಥನೆಯಲ್ಲಿ ದೀಪ ಹಚ್ಚಿ, ಪ್ರತಿಯೊಬ್ಬರೂ ತಾವು ನೆನೆಯುವ ಒಬ್ಬರ ಹೆಸರನ್ನು ಹೇಳುತ್ತಿದ್ದರು. ಮಾತು ಬಾರದವರು ದೀಪದ ಕಡೆಗೆ ಕೈ ತೋರಿಸುತ್ತಿದ್ದರು. ಅಷ್ಟೇ ನಮ್ಮ ಆರಾಧನೆ. ಮೊದಲ ವಾರದಲ್ಲಿ ನನಗೆ ಅದು ತೀರಾ ಸಪ್ಪೆಯೆನಿಸಿತು, ಆರನೆಯ ತಿಂಗಳಿನಲ್ಲಿ ಅದಿಲ್ಲದೆ ನಿದ್ರೆ ಬರುತ್ತಿರಲಿಲ್ಲ.

ನನಗೆ ವಹಿಸಿದ ಕೆಲಸ ಐವತ್ತು ದಾಟಿದ ಒಬ್ಬರನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಗಡ್ಡ ತೆಗೆದು, ತಿಂಡಿಗೆ ಕರೆತರುವುದು. ಮೂರು ತಿಂಗಳವರೆಗೆ ಅವರು ನನ್ನಿಂದ ಗಡ್ಡ ತೆಗೆಸಿಕೊಳ್ಳಲಿಲ್ಲ. ರೇಜರ್ ಕಂಡೊಡನೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದರು. ಕಾಲೇಜಿನ ವಿದ್ಯಾರ್ಥಿ ಒಕ್ಕೂಟದಲ್ಲಿ ಸತ್ಯವೇದ ಅಧ್ಯಯನ ನಡೆಸಿದ್ದ ನನಗೆ, ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದದ್ದರ ಬಗ್ಗೆ ಒಂದು ಗಂಟೆ ಮಾತನಾಡುವುದು ಸುಲಭವಾಗಿತ್ತು. ಕಾಲು ತೊಳೆಯಲು ಬಂದವನನ್ನು ಪೇತ್ರನು ಬೇಡವೆಂದ ಹಾಗೆ ದಿನವೂ ಬೇಡವೆನ್ನುವ ಒಬ್ಬ ಮನುಷ್ಯನ ಮುಂದೆ, ಮಗ್ಗು ಹಿಡಿದು ಕೋಪಗೊಳ್ಳದೆ ಕುಳಿತುಕೊಳ್ಳುವುದು ಸುಲಭವಾಗಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಅವರು ತಾವಾಗಿಯೇ ಗಲ್ಲವನ್ನು ಮುಂದೆ ಚಾಚಿದರು. ಆ ವರ್ಷದಲ್ಲಿ ಆಧ್ಯಾತ್ಮಿಕ ಬೆಳವಣಿಗೆ ಎಂದು ನಾನು ಧೈರ್ಯವಾಗಿ ಹೇಳಬಹುದಾದದ್ದು ಏನಾದರೂ ಇದ್ದರೆ, ಆ ಮೂರು ತಿಂಗಳಿನ ಬೆಳಗುಗಳಲ್ಲಿ ನಡೆದದ್ದೇ.

ಉಳಿದಂತೆ ಜಗಳಗಳೂ ಇದ್ದವು: ನೀರಿನ ಮೋಟಾರು ಯಾರು ನಿಲ್ಲಿಸಬೇಕಿತ್ತು, ಸಾರಿಗೆ ಉಪ್ಪು ಯಾರು ಎರಡು ಸಲ ಹಾಕಿದರು, ಹೀಗೆ. ಮೊದಲ ಎರಡು ತಿಂಗಳು ವಾರದ ರಜೆಯೇ ಇರಲಿಲ್ಲ. ಸೇವೆಯ ಮನೆಯಲ್ಲಿ ರಜೆ ಕೇಳುವುದು ತಪ್ಪೆಂದು ನಾನು ಸುಮ್ಮನಿದ್ದೆ, ಸುಮ್ಮನಿದ್ದವನನ್ನು ಅವರೂ ಕೇಳಲಿಲ್ಲ. ಕೊನೆಗೆ ಜ್ವರ ಬಂದು ಮಲಗಿದ ಮೇಲೆ ಸರಿಹೋಯಿತು. ನೀವು ಹೋಗುವ ಮೊದಲೇ ರಜೆ, ವೈದ್ಯಕೀಯ ವೆಚ್ಚ, ಕೈಖರ್ಚು ಮೂರನ್ನೂ ಕೇಳಿ ಬರೆಸಿಕೊಳ್ಳಿ. ಇದು ನಂಬಿಕೆಯ ಕೊರತೆಯಲ್ಲ.

ಇನ್ನು ವರದಿಯ ವಿಷಯ. ಜ್ಯಾನ್ ವಾನ್ಯೇ ಅವರು 1964ರಲ್ಲಿ ಫ್ರಾನ್ಸಿನ ತ್ರೋಸ್ಲಿ-ಬ್ರಯ್ ಎಂಬ ಹಳ್ಳಿಯಲ್ಲಿ, ಸಂಸ್ಥೆಯೊಂದರಲ್ಲಿದ್ದ ಇಬ್ಬರು ಅಂಗವಿಕಲರನ್ನು ಕರೆತಂದು ಅವರೊಂದಿಗೆ ಬಾಳತೊಡಗಿದ್ದರಿಂದ ಲಾರ್ಶ್ ಹುಟ್ಟಿತು. ಅವರು 2019ರಲ್ಲಿ ತೀರಿಕೊಂಡರು. 2020ರಲ್ಲಿ, ಅವರು ಆರು ಮಂದಿ ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ಲಾರ್ಶ್ ತಾನೇ ಹೊರಗಿನವರಿಂದ ಮಾಡಿಸಿದ ತನಿಖೆ ಹೇಳಿತು. 2023ರ ದೊಡ್ಡ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ 25 ಆಯಿತು. ಆ ಮಹಿಳೆಯರು ಅಂಗವೈಕಲ್ಯವಿದ್ದವರಲ್ಲ, ಆಧ್ಯಾತ್ಮಿಕ ಮಾರ್ಗದರ್ಶನವನ್ನು ಅರಸಿ ಬಂದವರೇ ಹೆಚ್ಚು. ಈ ಕೊನೆಯ ಮಾತನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸ್ಥಾಪಕರ ತಪ್ಪಿನಿಂದ ಆ ಮನೆಗಳಲ್ಲಿ ದಿನವೂ ನಡೆಯುವ ಪ್ರೀತಿ ಸುಳ್ಳಾಗುವುದಿಲ್ಲ, ಆದರೆ ಒಬ್ಬ ವ್ಯಕ್ತಿಯ ಪಾವಿತ್ರ್ಯದ ಮೇಲೆ ನಿಂತ ಮನೆ ಎಷ್ಟು ಅಪಾಯಕರವೆಂದು ಅದು ತೋರಿಸಿದೆ. ಆದ್ದರಿಂದ ಯಾವ ಮನೆಗೆ ಹೋದರೂ ಎರಡು ವಿಷಯ ವಿಚಾರಿಸಿ. ನಿಮ್ಮ ಕೆಲಸವನ್ನು ನೋಡಿಕೊಳ್ಳುವವರೂ ನಿಮ್ಮ ಆತ್ಮದ ವಿಷಯ ಕೇಳುವವರೂ ಒಬ್ಬರೇ ಆಗಿದ್ದಾರೆಯೇ? ದೂರು ಹೇಳಬೇಕಾದರೆ ಆ ಮನೆಯ ಮುಖ್ಯಸ್ಥರನ್ನು ಬಿಟ್ಟು ಹೊರಗೆ ಯಾರಿದ್ದಾರೆ? ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವ ಮನೆಗೆ ಹೋಗಬೇಡಿ, ಅಲ್ಲಿಯ ಪ್ರಾರ್ಥನೆ ಎಷ್ಟೇ ಸುಂದರವಾಗಿರಲಿ.

ಉತ್ತರ 2 — ನಿವೃತ್ತ ಸಭಾಪಾಲಕ, ಮಂಗಳೂರು

ಮಗಳೇ, ಕರೆಯೋ ಅಂಜಿಕೆಯೋ ಎಂಬ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಕಂಡುಕೊಂಡವರನ್ನು ನನ್ನ ಮೂವತ್ತೈದು ವರ್ಷಗಳ ಸೇವೆಯಲ್ಲಿ ನಾನು ನೋಡಿಲ್ಲ. ಎರಡೂ ಬೆರೆತಿರುತ್ತವೆ. ಅಂಜಿಕೆಯಿಂದ ಹೊರಟವರಿಗೂ ಅಲ್ಲಿ ಕರೆ ಕೇಳಿಸಿದ್ದುಂಟು. ಕರೆಯೆಂದು ಹೊರಟವರು ಮೂರು ವಾರಕ್ಕೆ ಮರಳಿದ್ದೂ ಉಂಟು. ಮೊದಲು ಹತ್ತು ಹದಿನೈದು ದಿನ ಇದ್ದು ಬರಲು ಅವಕಾಶ ಕೇಳು. ಆಗ ನಿನ್ನ ತಂದೆಯವರನ್ನೂ ಒಂದು ದಿನ ಕರೆದುಕೊಂಡು ಹೋಗು. ಮಗಳು ಯಾವ ಕೋಣೆಯಲ್ಲಿ ಮಲಗುತ್ತಾಳೆ, ಯಾರ ಜೊತೆ ಊಟಕ್ಕೆ ಕೂರುತ್ತಾಳೆ ಎಂದು ಕಣ್ಣಾರೆ ಕಂಡ ತಂದೆಯ ಚಿಂತೆ ಬೇರೆಯ ತರಹದ್ದು. ಬರಿಯ ಹೆಸರು ಕೇಳಿದ ತಂದೆಯ ಚಿಂತೆ ಬೇರೆಯ ತರಹದ್ದು. ಅವರ ಮಾತಿನಲ್ಲಿ ಸಾಲದ ಭಾರವೂ ಇದೆ. ಆ ವರ್ಷದ ಕಂತುಗಳನ್ನು ಹೇಗೆ ಕಟ್ಟುವೆ ಎಂಬುದಕ್ಕೆ ಉತ್ತರ ಸಿದ್ಧವಿಟ್ಟುಕೊಂಡೇ ಅವರ ಮುಂದೆ ಕುಳಿತುಕೋ.

ಜರ್ಮನಿಯ ದೇವತಾಶಾಸ್ತ್ರಜ್ಞ ಬೋನ್‌ಹಾಫರ್ ಅವರನ್ನು ಇಲ್ಲಿ ನೆನೆಯುವುದು ಉಚಿತವೆಂದು ನನಗನಿಸುತ್ತದೆ. ಹಿಟ್ಲರನ ಕಾಲದಲ್ಲಿ ಸಭೆಯೇ ದಾರಿ ತಪ್ಪುತ್ತಿದ್ದಾಗ, ಯುವ ಸಭಾಪಾಲಕರನ್ನು ಹೇಗೆ ತಯಾರು ಮಾಡಬೇಕೆಂಬ ಚಿಂತೆ ಅವರಿಗಿತ್ತು. ಅದಕ್ಕಾಗಿ ನಮ್ಮ ದೇಶಕ್ಕೆ ಬಂದು ಗಾಂಧೀಜಿಯವರ ಆಶ್ರಮದಲ್ಲಿ ಇರಬೇಕೆಂದು ಅವರು ಬಯಸಿದ್ದರು, ಮತ್ತು 1934ರಲ್ಲಿ ಗಾಂಧೀಜಿಯವರು ಪತ್ರ ಬರೆದು ಆಹ್ವಾನಿಸಿದರು. ಆ ಪಯಣ ನಡೆಯಲಿಲ್ಲ. 1935ರಲ್ಲಿ ಫಿಂಕೆನ್‌ವಾಲ್ಡೆ ಎಂಬಲ್ಲಿ ಯುವಕರನ್ನು ಒಂದೇ ಸೂರಿನಡಿ ಸೇರಿಸಿ, ದಿನವೂ ಒಟ್ಟಾಗಿ ಕೀರ್ತನೆಗಳನ್ನು ಓದುವುದು, ಮೌನವಾಗಿ ಧ್ಯಾನಿಸುವುದು, ಕೆಲಸ ಹಂಚಿಕೊಳ್ಳುವುದು ಎಂಬ ಬದುಕನ್ನು ಆರಂಭಿಸಿದರು. ಎದುರಿಗಿಲ್ಲದ ಸಹೋದರನ ಬಗ್ಗೆ ಯಾರೂ ಮಾತನಾಡಬಾರದು ಎಂಬ ಒಂದು ನಿಯಮವೂ ಅಲ್ಲಿತ್ತು. ಸಭಾ ಕಮಿಟಿಗಳಲ್ಲಿ ಕುಳಿತು ಬಂದ ನನಗೆ, ಎಲ್ಲ ಉಪವಾಸಗಳಿಗಿಂತ ಆ ಒಂದು ನಿಯಮ ಕಠಿಣವೆಂದು ಗೊತ್ತು. 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಅದನ್ನು ಮುಚ್ಚಿಸಿತು. ನಡೆದದ್ದು ಎರಡೇ ಎರಡು ವರ್ಷ. ಅಲ್ಲಿ ಕಲಿತವರಿಗೆ ಒಬ್ಬೊಬ್ಬರಿಗೆ ಸಿಕ್ಕಿದ್ದು ಕೆಲವೇ ತಿಂಗಳು. ಆದ್ದರಿಂದ ಒಂದು ವರ್ಷದಲ್ಲಿ ಏನು ಕಲಿಯಲು ಸಾಧ್ಯ ಎಂದು ಯಾರಾದರೂ ಕೇಳಿದರೆ ನೀನು ಅಳುಕಬೇಕಾಗಿಲ್ಲ.

ಇನ್ನೊಂದು ಮಾತು: ಒಬ್ಬಳೇ ತೀರ್ಮಾನಿಸಿ ಹೊರಡಬೇಡ. ನಿನ್ನ ಸಭೆಯ ಅಯ್ಯನವರಿಗೆ ತಿಳಿಸಿ, ಒಂದು ಭಾನುವಾರ ಆರಾಧನೆಯಲ್ಲಿ ಪ್ರಾರ್ಥಿಸಿ ಕಳುಹಿಸುವಂತೆ ಕೇಳು. ಸಭೆ ಕಳುಹಿಸಿದವಳಿಗೆ ಮರಳಿ ಬರುವ ಮನೆಯೊಂದು ಇರುತ್ತದೆ.

ಉತ್ತರ 3 — ನೇಮಕಾತಿ ವಿಭಾಗದಲ್ಲಿರುವವಳು, ಬೆಂಗಳೂರು

ನಾನು ಕೆಲಸದ ವಿಷಯವನ್ನಷ್ಟೇ ಹೇಳುತ್ತೇನೆ. ಸೇರುವ ದಿನಾಂಕವನ್ನು ಒಂದು ವರ್ಷ ಮುಂದೂಡಲು ಸಾಧ್ಯವೇ ಎಂದು ಸಂಸ್ಥೆಗೆ ಈಗಲೇ ಇಮೇಲ್ ಬರೆದು ಕೇಳಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ. ಒಪ್ಪದಿದ್ದರೆ ಆ ಕೆಲಸ ಹೋಯಿತೆಂದು ತಿಳಿದೇ ತೀರ್ಮಾನಿಸಬೇಕು. ಮುಂದೆ ಸಂದರ್ಶನಗಳಲ್ಲಿ ಆ ವರ್ಷವನ್ನು ಮರೆಮಾಚಬೇಡಿ. ಎಷ್ಟು ಜನರ ಮನೆ, ನಿಮ್ಮ ಹೊಣೆ ಏನಿತ್ತು, ಮನೆಯ ಲೆಕ್ಕಪತ್ರ ನೋಡಿಕೊಂಡಿದ್ದರೆ ಅದೂ, ಎಲ್ಲವನ್ನೂ ನೇರವಾಗಿ ಬರೆಯಿರಿ. ಅಲ್ಲಿಂದ ಹೊರಡುವಾಗ ದಿನಾಂಕಗಳಿರುವ ಪತ್ರವೊಂದನ್ನು ತಪ್ಪದೆ ಪಡೆದುಕೊಳ್ಳಿ. ಅಭ್ಯರ್ಥಿಯು ವಿವರಿಸಲಾಗದ ಬಿಡುವು ನಮ್ಮಲ್ಲಿ ಅನುಮಾನ ಹುಟ್ಟಿಸುತ್ತದೆ, ವಿವರಿಸಿದ ಬಿಡುವಲ್ಲ.

ಉತ್ತರ 4 — ಕಥೋಲಿಕ ಸನ್ಯಾಸಿನಿ, ಮೈಸೂರು

ನೀವು ಹೆಸರಿಸಿದ ಸ್ಥಳಗಳೆಲ್ಲ ಒಂದೇ ಬಗೆಯವಲ್ಲ, ಇದನ್ನು ಮೊದಲು ಬಿಡಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ತಮಿಳುನಾಡಿನ ಕುಳಿತಲೈ ಬಳಿ ಕಾವೇರಿಯ ದಡದಲ್ಲಿರುವ ಶಾಂತಿವನ 1950ರಲ್ಲಿ ಇಬ್ಬರು ಫ್ರೆಂಚ್ ಗುರುಗಳಿಂದ ಆರಂಭವಾದ ಆಶ್ರಮ. ಕೇರಳದ ವಾಗಮಣ್ ಬೆಟ್ಟದ ಕುರಿಶುಮಲ 1958ರದು. ಮೊದಲನೆಯದರಲ್ಲಿ ಉಪನಿಷತ್ತಿನ ವಾಕ್ಯಗಳೂ ಪ್ರಾರ್ಥನೆಯೊಳಗೆ ಬಂದಿವೆ, ಎರಡನೆಯದು ಹಸು ಸಾಕಣೆಯ ದುಡಿಮೆಯನ್ನೂ ಸನ್ಯಾಸದ ಭಾಗವಾಗಿಸಿಕೊಂಡಿತು. ಇಲ್ಲಿ ಮೈಸೂರಿನಲ್ಲಿ ಅಮಲೋರ್ಪವದಾಸ್ ಗುರುಗಳು ಕಟ್ಟಿದ ಅಂಜಲಿ ಆಶ್ರಮವಿದೆ. ಇವು ಮೌನವನ್ನು ಕಲಿಯುವ ಸ್ಥಳಗಳು. ಕೆಲವು ದಿನಗಳಿಗೆ ಹೋಗಿ ಬನ್ನಿ, ಬಹಳ ಒಳ್ಳೆಯದಾಗುತ್ತದೆ, ಆದರೆ ಯಾರಿಗಾದರೂ ಉಪಯೋಗಕ್ಕೆ ಬರಬೇಕೆಂಬ ನಿಮ್ಮ ಆಸೆಗೆ ಅವು ನೇರವಾದ ಉತ್ತರವಲ್ಲ.

ತೈಜೆ ಇನ್ನೊಂದು ರೀತಿಯದು. ಸಹೋದರ ರೋಜೆ ಅವರು 1940ರಲ್ಲಿ, ಯುದ್ಧದ ನಡುವೆ, ಆ ಹಳ್ಳಿಗೆ ಬಂದು ನಿರಾಶ್ರಿತರಿಗೆ ಆಶ್ರಯ ಕೊಟ್ಟಲ್ಲಿಂದ ಅದು ಬೆಳೆಯಿತು. ಪ್ರೊಟೆಸ್ಟೆಂಟ್ ಮತ್ತು ಕಥೋಲಿಕ ಸಹೋದರರು ಒಟ್ಟಿಗೆ ಬಾಳುತ್ತಾರೆ, ದಿನಕ್ಕೆ ಮೂರು ಸಲ ಪ್ರಾರ್ಥನೆಗೆ ಗಂಟೆ ಬಾರಿಸುತ್ತದೆ. ಸಾವಿರಾರು ಯುವಜನರು ವಾರದ ಮಟ್ಟಿಗೆ ಬಂದು ಹೋಗುವ ಆ ಜಾಗದಲ್ಲಿ ಹೆಚ್ಚು ಕಾಲ ಉಳಿಯುವ ಸ್ವಯಂಸೇವಕರು ಅಡುಗೆ, ಸ್ವಚ್ಛತೆ, ಅತಿಥಿಗಳ ಸತ್ಕಾರ ನೋಡಿಕೊಳ್ಳುತ್ತಾರೆ. ಸಾಲವಿರುವ ಮನೆಯ ಮಗಳು ವಿಮಾನದ ಖರ್ಚು ಮಾಡಿಕೊಂಡು ಅಲ್ಲಿಗೆ ಹೋಗುವುದಕ್ಕಿಂತ, ನೀವು ಮೊದಲು ಹೆಸರಿಸಿದ ರೀತಿಯ ಮನೆಯನ್ನೇ ನಮ್ಮ ನಾಡಿನಲ್ಲಿ ವಿಚಾರಿಸುವುದು ಲೇಸೆಂದು ನನ್ನ ಅಭಿಪ್ರಾಯ. ಅಲ್ಲಿ ನಿಮ್ಮ ಭಾಷೆಯೂ ಒಂದು ಸೇವೆ. ಮಾತು ಕಡಿಮೆಯಿರುವವರಿಗೆ ತಾಯ್ನುಡಿಯ ಒಂದು ಲಾಲಿ, ಒಂದು ಬೈಗುಳ, ಎಷ್ಟು ಮುಖ್ಯವೆಂದು ಅವರ ಜೊತೆ ಇದ್ದವರಿಗೆ ಗೊತ್ತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಂಗಳೂರಿನ ಅಯ್ಯನವರು ಹೇಳಿದಂತೆ ಹದಿನೈದು ದಿನ ಇದ್ದು ಬರುವ ಮಾತನ್ನು ತಂದೆಯವರ ಮುಂದಿಟ್ಟೆ. ಒಪ್ಪಿದೆನೆಂದು ಅವರು ಹೇಳಲಿಲ್ಲ. "ನಾನೂ ಬರುತ್ತೇನೆ, ನೋಡೋಣ" ಎಂದರು. ತಾಯಿಯವರು, ಅಜ್ಜಿಯ ಹಳೆಯ ಕೀರ್ತನೆ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಸಂಸ್ಥೆಗೆ ಇಮೇಲ್ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಶಿವಮೊಗ್ಗದ ಅಣ್ಣನವರಲ್ಲಿ ಒಂದು ಪ್ರಶ್ನೆ. ನೀವು ಹೊರಟುಬರುವಾಗ, ಗಡ್ಡ ತೆಗೆಸಿಕೊಳ್ಳಲು ಒಲ್ಲೆನೆನ್ನುತ್ತಿದ್ದ ಆ ಹಿರಿಯರಿಗೆ ಏನು ಹೇಳಿದಿರಿ? ನಾನು ಹೋಗುವುದನ್ನಷ್ಟೇ ಯೋಚಿಸಿದ್ದೆ. ಮರಳಿ ಬರುವ ದಿನ ಅವರಿಗೆ ಹೇಗಿರುತ್ತದೆ ಎಂದು ನಿನ್ನೆ ರಾತ್ರಿ ಹೊಳೆದು, ನಿದ್ರೆ ಬರಲಿಲ್ಲ.

ಉತ್ತರ 1ರ ಲೇಖಕರಿಂದ ಮತ್ತೆ

ನಾನು ಹೋಗುವ ಮೊದಲು ಯಾರೂ ನನಗೆ ಹೇಳದಿದ್ದದ್ದು ಇದೇ. ಅವರು ಮುಖ ತಿರುಗಿಸುತ್ತಿದ್ದುದಕ್ಕೆ ಕಾರಣವನ್ನು ಹಿರಿಯಕ್ಕ ಬಹಳ ತಡವಾಗಿ ತಿಳಿಸಿದರು. ಆ ಮನೆಯಲ್ಲಿ ಅವರು ಇಪ್ಪತ್ತೈದು ವರ್ಷಗಳಿಂದ ಇದ್ದರು. ವರ್ಷಕ್ಕೊಬ್ಬ ಹೊಸ ಹುಡುಗ ಬಂದು, ಗಡ್ಡ ತೆಗೆದು, ಪ್ರೀತಿ ಹಚ್ಚಿಸಿ, ಒಂದು ದಿನ ಚೀಲ ಹೊತ್ತು ಹೋಗಿಬಿಡುತ್ತಿದ್ದ. ನನಗೆ ಅದು ಜೀವನದ ಒಂದು ವಿಶೇಷ ವರ್ಷ. ಅವರಿಗೆ ನಾನು ಇಪ್ಪತ್ತೈದನೆಯವನೋ ಇಪ್ಪತ್ತಾರನೆಯವನೋ.

ಹೊರಡುವುದಕ್ಕೆ ಎರಡು ತಿಂಗಳ ಮೊದಲು ಹಿರಿಯಕ್ಕನ ಸಲಹೆಯಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು ಹಾಕಿ ಅವರಿಗೆ ತೋರಿಸಿದೆ. ಮೂರು ದಿನ ಮತ್ತೆ ಗಡ್ಡ ತೆಗೆಸಿಕೊಳ್ಳಲಿಲ್ಲ. ನಾಲ್ಕನೆಯ ದಿನದಿಂದ ಪ್ರತಿ ಬೆಳಿಗ್ಗೆ ಕ್ಯಾಲೆಂಡರಿನ ಮುಂದೆ ನಿಂತು, ನನ್ನ ಕೈ ಹಿಡಿದು ಆ ಗುರುತಿನ ಮೇಲೆ ಇಡಿಸುತ್ತಿದ್ದರು, ಆಮೇಲೆ ಗಲ್ಲ ಚಾಚುತ್ತಿದ್ದರು. ಹೊರಟ ದಿನ ನಾನು ಏನನ್ನೂ ಹೇಳಲಾಗಲಿಲ್ಲ. ಮುಂದೆ ಪ್ರತಿ ಕ್ರಿಸ್ಮಸ್‌ಗೆ ಹೋಗುವೆನೆಂದು ಮಾತು ಕೊಟ್ಟಿದ್ದೆ. ಏಳು ವರ್ಷ ಹೋದೆ, ಎಂಟನೆಯ ವರ್ಷ ಅವರು ಇರಲಿಲ್ಲ. ನೀವು ಹೋಗುವ ಮನೆಯಲ್ಲಿ, ಹಿಂದಿನ ವರ್ಷದ ಸಹಾಯಕರು ಈಗಲೂ ಬಂದು ಹೋಗುತ್ತಾರೆಯೇ ಎಂದು ಆ ಹದಿನೈದು ದಿನಗಳಲ್ಲಿ ಗಮನಿಸಿ. ನಿಮ್ಮ ತಂದೆಯವರೂ ಜೊತೆಗೆ ಬರುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ.