ದರಪಟ್ಟಿಯ ಚೆರಿ, ಪಾರ್ಚ್‌ಮೆಂಟ್, ಓಟಿ: ನಿಘಂಟಿನ ಅರ್ಥ ಕೂಡ್ತಿಲ್ಲ

ಮೂಡಿಗೆರೆ_ತೋಟ: ಕಾಫಿ ದರಪಟ್ಟಿಯಲ್ಲಿ ಎಪಿ, ಎಸಿ, ಆರ್‌ಸಿ, ಓಟಿ ಅಂತ ಇರುತ್ತೆ. ನಿಘಂಟಿನಲ್ಲಿ ಚೆರಿ ಅಂದ್ರೆ ಹಣ್ಣು, ಪಾರ್ಚ್‌ಮೆಂಟ್ ಅಂದ್ರೆ ಬರೆಯೋ ಚರ್ಮ. ಹೊರರಾಜ್ಯದ ಖರೀದಿದಾರರಿಗೆ ಇಂಗ್ಲಿಷಲ್ಲಿ ಮೇಲ್ ಬರೀಬೇಕು. ಯಾವ ಪದ ಎಲ್ಲಿ ಹಾಕಬೇಕು?

ಬಾಳೆಹೊನ್ನೂರು_ರೈಟರ್: ಅರೇಬಿಕಾ, ರೋಬಸ್ಟಾ ಅನ್ನೋದು ಕಾಫಿಯ ಎರಡು ಜಾತಿ. ಎಪಿ ಅಂದ್ರೆ ಅರೇಬಿಕಾ ಪಾರ್ಚ್‌ಮೆಂಟ್: ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರಕ್ಕೆ) ಹಾಕಿ, ತೊಳೆದು, ಹೊಟ್ಟಿನ ಸಮೇತ ಒಣಗಿಸಿದ ಬೀಜ. ಬೀಜದ ಮೇಲಿನ ಗಟ್ಟಿ ಹೊಟ್ಟು ಆ ಚರ್ಮದ ಹಾಗೆ ಕಾಣೋದಕ್ಕೇ ಆ ಹೆಸರು. ಎಸಿ ಅರೇಬಿಕಾ ಚೆರಿ, ಆರ್‌ಸಿ ರೋಬಸ್ಟಾ ಚೆರಿ. ಇಲ್ಲಿ ಚೆರಿ ಅಂದ್ರೆ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಇಡೀ ಕಾಯಿ.

ಮೇಲ್‌ನಲ್ಲಿ ತುಂಬಾ ಜನ ಎಡವೋದು ಬಹುವಚನದಲ್ಲಿ. ಸರಕಿನ ಹೆಸರಾದಾಗ ಚೆರಿ ಏಕವಚನ: 'ಫಿಫ್ಟಿ ಬ್ಯಾಗ್ಸ್ ಆಫ್ ರೋಬಸ್ಟಾ ಚೆರಿ'. 'ಚೆರೀಸ್' ಅಂತ ಬರೆದ್ರೆ ಹಸಿ ಹಣ್ಣು ಅಂತ ತಿಳಿದುಕೊಳ್ತಾರೆ, ದರದ ಮಾತೇ ಅಡ್ಡದಾರಿ ಹಿಡಿಯುತ್ತೆ. ಹಣ್ಣೇ ಮಾರೋದಾದ್ರೆ 'ಫ್ರೆಶ್ ಫ್ರೂಟ್' ಅಂತ ಸ್ಪಷ್ಟವಾಗಿ ಹಾಕಿ. ತೇವಾಂಶವನ್ನೂ ಬರೀರಿ: ಪಾರ್ಚ್‌ಮೆಂಟ್‌ಗೆ 10%, ಅರೇಬಿಕಾ ಚೆರಿಗೆ 10.5%, ರೋಬಸ್ಟಾ ಚೆರಿಗೆ 11% ಮೀರಬಾರದು. ಮೀರಿದ್ರೆ ಗೋದಾಮಲ್ಲಿ ಬೂಷ್ಟು ಹಿಡಿಯುತ್ತೆ.

ಮೂಡಿಗೆರೆ_ತೋಟ: ಧನ್ಯವಾದ ಸರ್. ಓಟಿ 27 ಅಂದ್ರೆ 27 ಪರ್ಸೆಂಟಾ?

ಸಕಲೇಶಪುರ_ಕಾಫಿ: ಅಲ್ಲ. ಓಟಿ ಅಂದ್ರೆ ಔಟ್‌ಟರ್ನ್. 50 ಕೆಜಿ ಚೀಲದ ಚೆರಿಯ ಸಿಪ್ಪೆ, ಹೊಟ್ಟು ತೆಗೆದ್ರೆ 27 ಕೆಜಿ ಬೀಜ ಸಿಗುತ್ತೆ ಅಂತ, ಅಂದ್ರೆ 54%. ಓಟಿಗೆ 200 ರೂಪಾಯಿ ಅಂದ್ರೆ ಚೀಲಕ್ಕೆ 27×200, 5,400 ರೂಪಾಯಿ. ಓಟಿ ಒಂದು ಇಳಿದ್ರೆ ಚೀಲಕ್ಕೆ 200 ಹೋಯ್ತು. ಹಾಗಾಗಿ ಸ್ಯಾಂಪಲ್ ಸಿಪ್ಪೆ ಬಿಡಿಸಿ ತೂಗುವಾಗ ಎದುರಿಗೇ ಇರಿ. ಜೊಳ್ಳು, ಕಾಯಿಕೊರಕ ತಿಂದ ಕಾಯಿ ಹೆಚ್ಚಿದ್ರೆ ಓಟಿ ಬೀಳುತ್ತೆ. ಇದನ್ನ 'ಟರ್ನ್‌ಔಟ್' ಅಂತ ತಿರುಗಿಸಿ ಬರೀಬೇಡಿ. ಅದು ಸಭೆಗೆ, ಮತದಾನಕ್ಕೆ ಬಂದ ಜನರ ಲೆಕ್ಕ.

ಬಾಳೆಹೊನ್ನೂರು_ರೈಟರ್: ಖರೀದಿದಾರರು ಮಳೆ ವರದಿ ಕೇಳಿದ್ರೆ ಇದೂ ಬೇಕಾಗುತ್ತೆ. ಕಾಫಿ ಹೂ ಅರಳಿಸೋ ಹೂಮಳೆಗೆ 'ಬ್ಲಾಸಮ್ ಶವರ್ಸ್'. ಹೂವಾದ ಎರಡು ಮೂರು ವಾರಕ್ಕೆ ಬರೋದು 'ಬ್ಯಾಕಿಂಗ್ ಶವರ್ಸ್'. ಇಲ್ಲಿ ಬ್ಯಾಕಿಂಗ್ ಅಂದ್ರೆ ಹಿಂದೆ ಅಂತಲ್ಲ, ಬೆಂಬಲ ಅಂತ: ಕಚ್ಚಿದ ಕಾಯಿ ನಿಲ್ಲೋಕೆ ಆಸರೆಯಾಗೋ ಮಳೆ. ಅದು ತಪ್ಪಿದ್ರೆ 'ಬ್ಯಾಕಿಂಗ್ ಫೇಲ್ಡ್' ಅಂತ ಬರೆದ್ರೆ ಸಾಕು, ಕಾಫಿಯವರಿಗೆ ಅರ್ಥ ಆಗುತ್ತೆ.